ಓದುಗರ ಪ್ರಶ್ನೆ: ಬ್ಯಾಂಡ್ ಹುಟ್ಟುವ ಮೊದಲಿನ ಬ್ಯಾಗ್‌ಪೈಪ್

ಹೋದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ (ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯ) ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮೇಜಿನ ತುಂಬಾ ಇವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಗಣರಾಜ್ಯೋತ್ಸವದ ಪರೇಡಿನಲ್ಲಿ ಬ್ಯಾಗ್‌ಪೈಪ್ ಕೇಳಿದಾಗೆಲ್ಲ ಇದು ಸಾವಿರ ವರ್ಷದ ಹಿಂದಿನ ಸಂಗೀತ ಅನ್ನಿಸುತ್ತದೆ. ನಿಜವಾಗಿ ಎಷ್ಟು ಹಳೆಯದು ಸರ್? (ಬೆಳಗಾವಿಯ ಓದುಗರು)

ವಾದ್ಯ ತುಂಬಾ ಹಳೆಯದು. ಆದರೆ ಪರೇಡಿನಲ್ಲಿ ಕೇಳುವ ಹೆಚ್ಚಿನ ಟ್ಯೂನ್‌ಗಳಿಗೆ ಅಷ್ಟೊಂದು ವಯಸ್ಸಾಗಿಲ್ಲ. ಎಲ್ಲರಿಗೂ ಗೊತ್ತಿರುವ ‘ಅಮೇಜಿಂಗ್ ಗ್ರೇಸ್’ ತಗೊಳ್ಳಿ. ಅದರ ಸಾಹಿತ್ಯ 18ನೇ ಶತಮಾನದ ಇಂಗ್ಲಿಷ್ ಭಕ್ತಿಗೀತೆ. ಬ್ಯಾಗ್‌ಪೈಪ್ ಜೊತೆ ಅದರ ನಂಟು ಗಟ್ಟಿಯಾಗಿದ್ದು 1972ರಲ್ಲಿ, ರಾಯಲ್ ಸ್ಕಾಟ್ಸ್ ಡ್ರಾಗೂನ್ ಗಾರ್ಡ್ಸ್ ಸೇನಾ ಬ್ಯಾಂಡಿನ ರೆಕಾರ್ಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆದ ಮೇಲೆ. ಮದುವೆಗಳಲ್ಲಿ ಸ್ಕಾಟ್ಲೆಂಡಿನ ಪುರಾತನ ನಾದ ಅಂತ ಹೇಳಿ ನುಡಿಸುವ ‘ಹೈಲ್ಯಾಂಡ್ ಕೆಥೀಡ್ರಲ್’ ಇನ್ನೂ ಹೊಸದು. ಅದನ್ನು 1982ರಲ್ಲಿ ಇಬ್ಬರು ಜರ್ಮನ್ ಸಂಗೀತಗಾರರು ಕಟ್ಟಿದರು. ‘ಗ್ರೀನ್ ಹಿಲ್ಸ್ ಆಫ್ ಟೈರಾಲ್’ ಕಥೆ ಬೇರೆ. ಕ್ರಿಮಿಯಾ ಯುದ್ಧದ ಹೊತ್ತಿಗೆ ಸಾರ್ಡೀನಿಯಾದ ಸೇನಾ ಬ್ಯಾಂಡ್ ನುಡಿಸುತ್ತಿದ್ದುದನ್ನು ಕೇಳಿದ ಸ್ಕಾಟಿಷ್ ಪೈಪ್ ಮೇಜರ್ (ಪೈಪರ್‌ಗಳ ಮುಖ್ಯಸ್ಥ) ಒಬ್ಬ ಅದನ್ನು ತನ್ನ ಪೈಪಿಗೆ ಇಳಿಸಿಕೊಂಡ. ಮೂಲ ಹುಡುಕಿದರೆ ಇಟಲಿಯ ಸಂಗೀತಗಾರ ರೊಸಿನಿಯ 1829ರ ‘ವಿಲಿಯಂ ಟೆಲ್’ ಆಪೆರಾ!

ಸಾಲಾಗಿ ನಿಂತು ಡ್ರಮ್ ಜೊತೆ ನುಡಿಸುವ ಪದ್ಧತಿಯೇ 19ನೇ ಶತಮಾನದ ಸೇನೆಯದ್ದು. ಬ್ರಿಟಿಷ್ ಸರ್ಕಾರ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡು) ರೆಜಿಮೆಂಟುಗಳಿಗೆ ಒಬ್ಬ ಪೈಪ್ ಮೇಜರ್ ಮತ್ತು ಐವರು ಪೈಪರ್‌ಗಳನ್ನು ಅಧಿಕೃತವಾಗಿ ಒಪ್ಪಿಕೊಂಡಿದ್ದು 1854ರಲ್ಲಿ. ಅದಕ್ಕೂ ಮೊದಲು ಇದು ಒಬ್ಬರೇ ನುಡಿಸುವ ವಾದ್ಯವಾಗಿತ್ತು. ನನಗೆ ಇಷ್ಟವಾದದ್ದು, ನಿಮಗೆಲ್ಲ ಕೇಳಿಸಬೇಕು ಅನ್ನಿಸುವುದು ಆ ಒಂಟಿ ಪೈಪರನ ಸಂಗೀತ.

ಬ್ಯಾಗ್‌ಪೈಪ್ ಸ್ಕಾಟ್ಲೆಂಡಿನವರೇ ಕಂಡುಹಿಡಿದದ್ದಾ? (ಹಾಸನದ ಓದುಗರು)

ಖಂಡಿತ ಇಲ್ಲ. ರೋಮಿನ ನೀರೋ ಚಕ್ರವರ್ತಿ ಚೀಲದ ವಾದ್ಯ ನುಡಿಸಲು ಹೊರಟಿದ್ದನ್ನು ಅಲ್ಲಿನ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ. 13ನೇ ಶತಮಾನದ ಸ್ಪೇನಿನ ಹಸ್ತಪ್ರತಿಗಳಲ್ಲಿ ಬ್ಯಾಗ್‌ಪೈಪಿನ ಬಣ್ಣದ ಚಿತ್ರಗಳಿವೆ. ಜರ್ಮನಿಯ ಕಲಾವಿದ ಡ್ಯೂರರ್ 1514ರಲ್ಲಿ ಮರಕ್ಕೆ ಒರಗಿ ಪೈಪು ಊದುವ ಹಳ್ಳಿಗನನ್ನು ಕೆತ್ತಿದ್ದಾನೆ. ಬಲ್ಗೇರಿಯಾದ ಗೈಡಾ, ಸ್ಪೇನಿನ ಗೈಟಾ, ಇಟಲಿಯ ಜಂಪೋನ್ಯಾ ಎಂಬ ಬ್ಯಾಗ್‌ಪೈಪ್‌ಗಳು ಇವತ್ತಿಗೂ ಜೀವಂತ. 1977ರಲ್ಲಿ ವಾಯೇಜರ್ ನೌಕೆ ಬಾಹ್ಯಾಕಾಶಕ್ಕೆ ಹೊತ್ತೊಯ್ದ ಚಿನ್ನದ ಲೇಪನದ ತಟ್ಟೆಯಲ್ಲಿರುವುದೂ ಬಲ್ಗೇರಿಯಾದ ಗೈಡಾದ ನಾದವೇ.

ನಾನು ಪಿಟೀಲು ಕಲಿಯುತ್ತಿದ್ದೇನೆ. ಬ್ಯಾಗ್‌ಪೈಪಿನಲ್ಲಿ ಜೋರು, ಮೆಲ್ಲಗೆ ಅನ್ನುವುದೇ ಇಲ್ಲ, ಮಧ್ಯೆ ನಿಲ್ಲಿಸುವುದೂ ಇಲ್ಲ. ಹೀಗಿದ್ದೂ ಅದರಲ್ಲಿ ಭಾವ ಹೇಗೆ ಬರುತ್ತದೆ? ನಮ್ಮ ಯಾವುದಾದರೂ ರಾಗಕ್ಕೆ ಹತ್ತಿರವಾ? (ಮೈಸೂರಿನ ಓದುಗರು)

ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ಬಾಯಿಂದ ಊದಿದ ಗಾಳಿ ಚೀಲಕ್ಕೆ ಹೋಗುತ್ತದೆ, ತೋಳು ಚೀಲವನ್ನು ಒತ್ತುತ್ತದೆ. ನುಡಿಸುವವನು ಉಸಿರು ಎಳೆದುಕೊಳ್ಳುವಾಗಲೂ ರೀಡಿಗೆ (ನಾದ ಹುಟ್ಟಿಸುವ ತೆಳು ಪಟ್ಟಿಗೆ) ಒಂದೇ ಸಮ ಗಾಳಿ ಸಿಗುತ್ತಿರುತ್ತದೆ. ಒತ್ತಡ ಹೆಚ್ಚುಕಮ್ಮಿ ಆದರೆ ಶ್ರುತಿ ಕೆಡುತ್ತದೆ, ಹಾಗಾಗಿ ಜೋರು ಮೆಲ್ಲಗೆ ಮಾಡುವ ದಾರಿಯೇ ಇಲ್ಲ. ಹೈಲ್ಯಾಂಡ್ ಪೈಪಿನ ಹೆಗಲ ಮೇಲೆ ಮೂರು ಡ್ರೋನ್ ಕೊಳವೆಗಳಿರುತ್ತವೆ. ಎರಡು ಟೆನರ್ ಒಂದು ಸ್ಥಾಯಿ ಕೆಳಗೆ, ದೊಡ್ಡದಾದ ಬಾಸ್ ಎರಡು ಸ್ಥಾಯಿ ಕೆಳಗೆ ಷಡ್ಜ ಹಿಡಿದಿರುತ್ತವೆ. ಓಲಗದ ಜೊತೆ ಶ್ರುತಿ ಹಿಡಿಯುವವರು ಕೂರುತ್ತಾರಲ್ಲ, ಆ ಕೆಲಸ ಇಲ್ಲಿ ಅದೇ ಚೀಲದ ಗಾಳಿಯಿಂದ ಆಗುತ್ತದೆ. ಬೆರಳಾಡಿಸುವ ಕೊಳವೆಗೆ ಚಾಂಟರ್ ಅನ್ನುತ್ತಾರೆ.

ಚಾಂಟರಿನಲ್ಲಿ ಬರುವುದು ಒಂಬತ್ತೇ ಸ್ವರ. ನಮ್ಮ ಲೆಕ್ಕದಲ್ಲಿ ಮಂದ್ರ ನಿಷಾದದಿಂದ ತಾರ ಷಡ್ಜದವರೆಗೆ. ಒಟ್ಟಾರೆ ಸ್ವರಗಳ ಜೋಡಣೆ ಹರಿಕಾಂಭೋಜಿಯದ್ದು, ಹಿಂದೂಸ್ತಾನಿಯವರಿಗೆ ಖಮಾಜ್ ಥಾಟ್. ಆದರೆ ಹಳೆಯ ಟ್ಯೂನ್‌ಗಳಲ್ಲಿ ಬಹಳಷ್ಟು ಐದೇ ಸ್ವರದವು. ಸ ರಿ ಗ ಪ ದ ಬಂದರೆ ನಮಗೆ ಮೋಹನ ಕೇಳಿಸುತ್ತದೆ. ಸ ರಿ ಮ ಪ ನಿ ಬಂದರೆ ಮಧ್ಯಮಾವತಿ. ಸ ರಿ ಮ ಪ ದ ಬಂದರೆ ಶುದ್ಧ ಸಾವೇರಿ. ನೀವೇ ಪಿಟೀಲಿನಲ್ಲಿ ಗ್ರಹಭೇದ ಮಾಡಿ (ಷಡ್ಜದ ಜಾಗ ಬದಲಿಸಿ) ನೋಡಿ, ಮೂರೂ ಒಂದೇ ಐದು ಸ್ವರದ ಬೇರೆ ಬೇರೆ ಮುಖ. ಹಳೆ ಪೈಪರ್‌ಗಳು ಒಂದೇ ಟ್ಯೂನಿನೊಳಗೆ ಒಂದು ಸಾಲು ಮೋಹನದಲ್ಲಿ, ಮುಂದಿನ ಸಾಲು ಮಧ್ಯಮಾವತಿಯಲ್ಲಿ ಇಡುತ್ತಾರೆ, ಡ್ರೋನ್ ಮಾತ್ರ ಷಡ್ಜ ಬಿಟ್ಟು ಕದಲುವುದಿಲ್ಲ. ಸ್ವರ ನಿಷಾದಕ್ಕೆ ಇಳಿದಾಗ ಡ್ರೋನಿಗೂ ಅದಕ್ಕೂ ಒಂದು ತಿಕ್ಕಾಟ ಹುಟ್ಟುತ್ತದೆ, ಷಡ್ಜಕ್ಕೋ ಪಂಚಮಕ್ಕೋ ವಾಪಸ್ ಬಂದಾಗ ಮೈ ಹಗುರಾಗುತ್ತದೆ. ಭಾವದ ಮುಕ್ಕಾಲು ಪಾಲು ಇರುವುದು ಇಲ್ಲೇ.

ಇನ್ನುಳಿದದ್ದು ಬೆರಳಲ್ಲಿ. ನಾದ ನಿಲ್ಲುವುದಿಲ್ಲವಾದ್ದರಿಂದ ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕೆಂದರೆ ನಡುವೆ ಬೇರೊಂದು ಸ್ವರವನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಮುಟ್ಟಿ ಬರಬೇಕು. ಇದನ್ನು ಗ್ರೇಸ್‌ನೋಟ್ ಅನ್ನುತ್ತಾರೆ. ಕಲಿಯುವವರು ವರ್ಷಗಟ್ಟಲೆ ಒದ್ದಾಡುವುದು ಇದಕ್ಕೇ. ನಮ್ಮ ಗಮಕ ಸ್ವರವನ್ನು ತೂಗುತ್ತದೆ, ಇದು ಸ್ವರವನ್ನು ಕತ್ತರಿಸಿ ಬೇರೆ ಮಾಡುತ್ತದೆ. ಇನ್ನೊಂದು ಮಾತು, ಚಾಂಟರನ್ನು ಡ್ರೋನಿಗೆ ಹೊಂದಿಸಿ ಶ್ರುತಿ ಮಾಡುತ್ತಾರೆಯೇ ಹೊರತು ಪಿಯಾನೋಗೆ ಹೊಂದಿಸಿ ಅಲ್ಲ. ತಂಬೂರಿ ಕೇಳಿ ಬೆಳೆದ ನಿಮ್ಮ ಕಿವಿಗೆ ಅದರ ಗಾಂಧಾರ ಸರಿಯಾಗಿಯೇ ಕೇಳಿಸುತ್ತದೆ.

‘ಪಿಬ್ರಾಕ್’ ಅಂದರೇನು? ಒಮ್ಮೆ ಕೇಳಲು ಕೂತೆ, ಐದು ನಿಮಿಷಕ್ಕೆ ಎದ್ದುಬಿಟ್ಟೆ. (ಉಡುಪಿಯ ಓದುಗರು)

ಎದ್ದುಬಿಟ್ಟಿದ್ದಕ್ಕೆ ಬೇಜಾರಿಲ್ಲ, ಮತ್ತೊಮ್ಮೆ ಕೂರಿ. ಪಿಬ್ರಾಕ್ ಅಂದರೆ ಹೈಲ್ಯಾಂಡ್ ಪೈಪಿನ ಶಾಸ್ತ್ರೀಯ ಸಂಗೀತ. ಮಾರ್ಚು, ಕುಣಿತದ ಟ್ಯೂನ್‌ಗಳೆಲ್ಲ ಸಣ್ಣ ಸಂಗೀತ. ಇದು ದೊಡ್ಡ ಸಂಗೀತ ಅಂತ ಗೇಲಿಕ್ ಭಾಷೆಯವರು ಬೇರೆಯಾಗಿಯೇ ಇಡುತ್ತಾರೆ. ಒಂದು ಪಿಬ್ರಾಕ್ ಹತ್ತು ನಿಮಿಷದಿಂದ ಇಪ್ಪತ್ತು ನಿಮಿಷದವರೆಗೂ ಹೋಗುತ್ತದೆ. ಯುದ್ಧಕ್ಕೆ ಕರೆಯಲು, ಅತಿಥಿಗೆ ಗೌರವ ಕೊಡಲು, ಸತ್ತವರಿಗಾಗಿ ಅಳಲು ಕಟ್ಟಿದವು ಇವು.

ಶುರುವಾಗುವುದು ‘ಉರ್ಲರ್’ನಿಂದ. ಇದು ತುಂಬಾ ನಿಧಾನದ ಮೂಲ ರಾಗ, ಸ್ವರಗಳು ಎಳೆದೆಳೆದು ಬರುತ್ತವೆ. ನೀವು ಎದ್ದಿದ್ದು ಬಹುಶಃ ಇಲ್ಲೇ. ಆಮೇಲೆ ಅದರ ಮುಖ್ಯ ಸ್ವರಗಳನ್ನಷ್ಟೇ ಇಟ್ಟುಕೊಂಡು ಒಂದೊಂದೇ ಸುತ್ತು ಬೆಳೆಸುತ್ತಾ ಹೋಗುತ್ತಾರೆ. ‘ತೂರ್ಲುವಾ’ ಸುತ್ತಿನಲ್ಲಿ ಪ್ರತಿ ಮುಖ್ಯ ಸ್ವರದ ಹಿಂದೆಯೇ ಬೆರಳುಗಳು ಮಂದ್ರ ನಿಷಾದವನ್ನು ತಟ್ಟಿ ಷಡ್ಜಕ್ಕೆ ಬಂದು ನಿಲ್ಲುತ್ತವೆ. ‘ಕ್ರುನ್‌ಲುವಾ’ ಸುತ್ತಿನಲ್ಲಿ ಅಷ್ಟಕ್ಕೆ ಬಿಡದೆ ಅಲ್ಲಿಂದ ಹಾರಿ ಪಂಚಮದಲ್ಲಿ ಮುಗಿಯುತ್ತವೆ. ಇಡೀ ಚಲನೆ ಮುಗಿಯಲು ಅರೆ ಸೆಕೆಂಡೂ ಹಿಡಿಯುವುದಿಲ್ಲ. ಮೊದಲು ನಿಧಾನವಾಗಿ ಕೇಳಿದ ರಾಗ ಈಗ ಆ ಬೆರಳ ಆರ್ಭಟದ ಒಳಗೆ ಅಡಗಿ ಕೂತಿರುತ್ತದೆ, ಅದನ್ನು ಕಿವಿ ಹಿಡಿದುಕೊಂಡರೆ ಸಾಕು, ಆಮೇಲೆ ನೀವು ಏಳುವುದಿಲ್ಲ. ಕೊನೆಗೆ ಮತ್ತೆ ಉರ್ಲರ್‌ಗೆ ಬಂದು ಮುಗಿಸುತ್ತಾರೆ.

ಮೊದಲು ಕೇಳಬೇಕಾದದ್ದು ಯಾವುದು ಅಂದರೆ ನಾನು ‘ಲಮೆಂಟ್ ಫಾರ್ ದಿ ಚಿಲ್ಡ್ರನ್’ ಅಂತೀನಿ. 17ನೇ ಶತಮಾನದ ಪ್ಯಾಟ್ರಿಕ್ ಮೋರ್ ಮೆಕ್‌ಕ್ರಿಮನ್ ಇದನ್ನು ಕಟ್ಟಿದ ಎಂದು ಪರಂಪರೆ ಹೇಳುತ್ತದೆ. ಎಂಟು ಗಂಡುಮಕ್ಕಳಲ್ಲಿ ಏಳು ಜನ ಒಂದೇ ವರ್ಷದೊಳಗೆ ಸಿಡುಬಿಗೆ ಹೋದರಂತೆ. ಆ ಐತಿಹ್ಯ ಗೊತ್ತಿಲ್ಲದವರಿಗೂ ಆ ರಾಗ ತಟ್ಟುತ್ತದೆ.

ಇಷ್ಟು ಉದ್ದದ ಸಂಗೀತವನ್ನು ಆಗ ಹೇಗೆ ಕಲಿಸುತ್ತಿದ್ದರು? ನಮ್ಮ ಹಾಗೆ ಬಾಯಿಪಾಠವಾ? (ಧಾರವಾಡದ ಓದುಗರು)

ಹೌದು, ಬಾಯಿಪಾಠವೇ! ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಬೊರೆರೇಗ್ ಎಂಬಲ್ಲಿ ಮೆಕ್‌ಕ್ರಿಮನ್ ಮನೆತನ ತಲೆತಲಾಂತರದಿಂದ ಡನ್‌ವೇಗನ್ ಕೋಟೆಯ ಮೆಕ್‌ಲೌಡ್ ಪಾಳೆಯಗಾರರಿಗೆ ಪೈಪು ನುಡಿಸುತ್ತಿತ್ತು. ಬೇರೆ ಕುಲದವರೂ ತಮ್ಮ ಪೈಪರ್‌ಗಳನ್ನು ಕಲಿಯಲು ಅಲ್ಲಿಗೆ ಕಳಿಸುತ್ತಿದ್ದರು. ಗುರು ಹಾಡುತ್ತಿದ್ದ, ಶಿಷ್ಯ ಹಾಡುತ್ತಿದ್ದ, ಆಮೇಲೆ ಬೆರಳಿಗೆ ಇಳಿಸುತ್ತಿದ್ದ. ಹಾಡಲು ‘ಕ್ಯಾಂಟರಖ್’ ಎಂಬ ಸೊಲ್ಲುಗಳ ಪದ್ಧತಿ ಇತ್ತು. ನಮ್ಮ ಕೊನ್ನಕ್ಕೋಲಿನ ಸೊಲ್ಲು ತಾಳ ಮಾತ್ರ ಹೇಳುತ್ತದೆ, ಇವರ ಸೊಲ್ಲು ಸ್ವರವನ್ನೂ ಅದರ ಮೇಲಿನ ಬೆರಳ ಅಲಂಕಾರವನ್ನೂ ಒಟ್ಟಿಗೇ ಹೇಳುತ್ತದೆ. ಉದಾಹರಣೆಗೆ ‘ಹಿನ್‌ದರಿದ್’ ಅಂದರೆ ಷಡ್ಜದ ಮೇಲೆ ತೂರ್ಲುವಾ. ‘ಹಿನ್‌ಬಂದ್ರೆ’ ಅಂದರೆ ಅದೇ ಸ್ವರದ ಮೇಲೆ ಕ್ರುನ್‌ಲುವಾ. ‘ಹಿನ್’ ಜಾಗದಲ್ಲಿ ‘ಹ’ ಬಂದರೆ ಸ್ವರ ಬೇರೆ, ಅಲಂಕಾರ ಅದೇ.

ಕಾಲಿನ್ ಕ್ಯಾಂಬೆಲ್ ಎಂಬಾತ 1797ರ ಹೊತ್ತಿಗೆ 150ಕ್ಕೂ ಹೆಚ್ಚು ಪಿಬ್ರಾಕ್‌ಗಳನ್ನು ಬರೀ ಈ ಸೊಲ್ಲುಗಳಲ್ಲೇ ಬರೆದಿಟ್ಟ. ಒಂದು ಗೆರೆಯಿಲ್ಲ, ಒಂದು ಸ್ವರಚಿಹ್ನೆಯಿಲ್ಲ. ಅವನ ಸಂಪುಟಗಳಲ್ಲಿ ಒಂದು ಕಳೆದುಹೋಯಿತು, ಎರಡು ಉಳಿದಿವೆ. ಇನ್ನೊಬ್ಬ ಜೋಸೆಫ್ ಮೆಕ್‌ಡೊನಾಲ್ಡ್. ಸುಮಾರು 1760ರಲ್ಲಿ, ಇಪ್ಪತ್ತು ದಾಟಿದ ಹುಡುಗ, ಪೈಪ್ ಸಂಗೀತದ ಪೂರಾ ವ್ಯಾಕರಣ ಬರೆದ. ಈಸ್ಟ್ ಇಂಡಿಯಾ ಕಂಪನಿ ಸೇರಿ ಭಾರತಕ್ಕೆ ಬಂದವನು ಇಲ್ಲೇ ಜ್ವರದಿಂದ ತೀರಿಕೊಂಡ. ಹಸ್ತಪ್ರತಿ ಬಂಗಾಳದಲ್ಲಿ ಸಿಕ್ಕಿ, ಸ್ಕಾಟ್ಲೆಂಡಿಗೆ ವಾಪಸ್ ಹೋಗಿ, 1803ರಲ್ಲಿ ಅವನ ಅಣ್ಣ ಅಚ್ಚು ಹಾಕಿಸಿದ. ಇವತ್ತು ಹಳೆ ಪೈಪಿನ ಅಲಂಕಾರ ಹೇಗಿತ್ತು ಅಂತ ಯಾರು ಹುಡುಕಿದರೂ ಈ ಹುಡುಗನ ಬಳಿಗೇ ಹೋಗಬೇಕು.

ನನಗೆ ಕೋಪ ಬರುವ ವಿಷಯ ಇದರ ಮುಂದಿನದ್ದು. ಆಂಗಸ್ ಮೆಕ್‌ಕೇ 1838ರಲ್ಲಿ 61 ಪಿಬ್ರಾಕ್‌ಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದ. ದೊಡ್ಡ ಕೆಲಸ, ಅನುಮಾನವಿಲ್ಲ. ಅವನು ಮುಂದೆ ವಿಕ್ಟೋರಿಯಾ ರಾಣಿಯ ಮೊದಲ ಪೈಪರ್ ಆದ. ಆದರೆ ಸ್ಪರ್ಧೆಗಳ ತೀರ್ಪುಗಾರರು ಕೈಯಲ್ಲಿ ಪುಸ್ತಕ ಹಿಡಿದು ಕೂರಲು ಶುರು ಮಾಡಿದ ಮೇಲೆ ಅಚ್ಚಿನಲ್ಲಿದ್ದದ್ದೇ ಸರಿ, ಗುರು ಹಾಡಿದ್ದು ತಪ್ಪು ಅನ್ನುವ ಹಾಗಾಯಿತು. ಹಳೆ ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಪಿಬ್ರಾಕಿಗೆ ಬೇರೆ ಬೇರೆ ಪಾಠಾಂತರ ಸಿಗುತ್ತವೆ. ಅಷ್ಟು ಬಗೆ ಇದ್ದದ್ದು ಸ್ಪರ್ಧೆಯ ವೇದಿಕೆಯಲ್ಲಿ ಒಂದೇ ಬಗೆಯಾಗಿ ಉಳಿಯಿತು. ಪಿಬ್ರಾಕ್ ಸೊಸೈಟಿ ಈಗ ಆ ಹಸ್ತಪ್ರತಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿರುವುದರಿಂದ ಹೊಸ ಪೈಪರ್‌ಗಳು ಪಾಠಾಂತರಗಳಿಗೆ ಮತ್ತೆ ಕೈ ಹಾಕಬಹುದು. ಇದು ತುಂಬಾ ಖುಷಿಯ ಸಂಗತಿ.

1746ರಲ್ಲಿ ಇಂಗ್ಲಿಷರು ಬ್ಯಾಗ್‌ಪೈಪನ್ನೇ ನಿಷೇಧಿಸಿದ್ದರು ಅಂತ ಓದಿದ್ದೇನೆ. ತರಗತಿಯಲ್ಲಿ ಹೇಳಬಹುದಾ? (ಚಿತ್ರದುರ್ಗದ ಇತಿಹಾಸ ಮೇಷ್ಟ್ರು)

ಹಾಗೆ ಹೇಳಬೇಡಿ ಮೇಷ್ಟ್ರೇ. ಬ್ರಿಟಿಷ್ ರಾಜನ ವಿರುದ್ಧ 1745ರಲ್ಲಿ ಎದ್ದ ದಂಗೆ 1746ರ ಕಲ್ಲೋಡನ್ ಯುದ್ಧದಲ್ಲಿ ಸೋತಿತು. ಅದರ ನಂತರದ ಕಾಯ್ದೆ ಆಯುಧಗಳನ್ನೂ ಹೈಲ್ಯಾಂಡ್ ಉಡುಪನ್ನೂ ನಿಷೇಧಿಸಿತು. ಬ್ಯಾಗ್‌ಪೈಪ್ ಹೆಸರು ಅದರಲ್ಲಿಲ್ಲ. ಈ ನಂಬಿಕೆಗೆ ಇಂಬು ಕೊಟ್ಟದ್ದು ಜೇಮ್ಸ್ ರೀಡ್ ಎಂಬ ಪೈಪರನ ಪ್ರಕರಣ. ದಂಗೆಯಲ್ಲಿ ಸೆರೆಸಿಕ್ಕ ಅವನು ತಾನು ಕತ್ತಿ ಹಿಡಿದಿಲ್ಲ, ಬರೀ ಪೈಪು ಊದಿದೆ ಅಂತ ವಾದಿಸಿದ. ಹೈಲ್ಯಾಂಡ್ ಪಡೆ ಪೈಪರ್ ಇಲ್ಲದೆ ಹೊರಡುವುದಿಲ್ಲ, ಹಾಗಾಗಿ ಪೈಪೂ ಯುದ್ಧದ ಸಾಧನವೇ ಅಂದ ನ್ಯಾಯಾಲಯ 1746ರ ನವೆಂಬರಿನಲ್ಲಿ ಅವನನ್ನು ಯಾರ್ಕ್ ನಗರದಲ್ಲಿ ಗಲ್ಲಿಗೇರಿಸಿತು. ಇದನ್ನು ಮಕ್ಕಳಿಗೆ ಹೇಳಿ, ಮರೆಯುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಪಾಳೆಯಗಾರರ ಅಧಿಕಾರ ಹೋಯಿತು, ಅವರು ಬರೀ ಜಮೀನುದಾರರಾದರು. ಪೈಪರ್ ಮನೆತನಗಳಿಗೆ ಬಿಟ್ಟಿದ್ದ ಭೂಮಿ ಹೋಯಿತು. ಆಶ್ರಯ ತಪ್ಪಿದ ಮೇಲೆ ವಿದ್ಯೆ ಚದುರಿತು. ಲಂಡನ್ನಿನ ಹೈಲ್ಯಾಂಡ್ ಸೊಸೈಟಿ 1781ರಲ್ಲಿ ಫಾಲ್ಕರ್ಕ್‌ನಲ್ಲಿ ಪೈಪ್ ಸ್ಪರ್ಧೆ ಶುರು ಮಾಡಿದ್ದು ಈ ನಷ್ಟ ಕಂಡೇ.

ನಮ್ಮ ಶ್ರೀರಂಗಪಟ್ಟಣಕ್ಕೂ ಬ್ಯಾಗ್‌ಪೈಪಿಗೂ ಏನಾದರೂ ಸಂಬಂಧ ಇದೆಯಾ? (ಪಾಂಡವಪುರದ ಓದುಗರು)

ಇದೆ, ಅದು ಯುದ್ಧದ ಸಂಬಂಧ. 1745ರ ದಂಗೆಯಲ್ಲಿ ರಾಜನ ವಿರುದ್ಧ ನಿಂತಿದ್ದ ಲಾರ್ಡ್ ಮೆಕ್‌ಲೌಡ್ ಮುಂದೆ ಅದೇ ರಾಜಮನೆತನಕ್ಕಾಗಿ 73ನೇ ಹೈಲ್ಯಾಂಡರ್ಸ್ ಪಡೆ ಕಟ್ಟಿದ. ಈ ಪಡೆ ಭಾರತಕ್ಕೆ ಬಂದು ಹೈದರಾಲಿಯ ಎದುರು ನಿಂತಿತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೋತು ಸೆರೆಸಿಕ್ಕ ಅದರ ಅಧಿಕಾರಿ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರು ವರ್ಷಕ್ಕೂ ಜಾಸ್ತಿ ಇದ್ದ. 1799ರ ಮೇ 4ರಂದು ಕೋಟೆಯ ಮೇಲಿನ ದಾಳಿಗೆ ಮುಂದಾಳಾಗಿ ಬಂದವನೂ ಅವನೇ.

ಪೈಪಿನ ಮಾತು ಬರುವುದು 1781ರ ಪೋರ್ಟೊ ನೋವೊ ಯುದ್ಧದಲ್ಲಿ, ಅಂದರೆ ಇವತ್ತಿನ ತಮಿಳುನಾಡಿನ ಪರಂಗಿಪೇಟೆಯಲ್ಲಿ. ಗುಂಡು ಹಾರುತ್ತಿರುವಾಗಲೂ ಬಿಡದೆ ನುಡಿಸಿದ ಪೈಪರನನ್ನು ಮೆಚ್ಚಿ ಬ್ರಿಟಿಷ್ ಸೇನಾಪತಿ ಐರ್ ಕೂಟ್ ಬೆಳ್ಳಿಯ ಪೈಪು ಕೊಳ್ಳಲು 50 ಪೌಂಡ್ ಕೊಟ್ಟ ಎಂದು ಆ ರೆಜಿಮೆಂಟಿನ ಕಥೆಗಳಲ್ಲಿ ಬರುತ್ತದೆ. ಹೈದರನ ಸೈನಿಕರ ಕಿವಿಗೂ ಆ ನಾದ ಬಿದ್ದೇ ಇರಬೇಕು, ಅಲ್ವಾ? ಅವರು ಅದರ ಬಗ್ಗೆ ಏನಂದುಕೊಂಡರೋ ತಿಳಿಯಬೇಕು ಅನ್ನುವ ಆಸೆ ನನಗೆ ತುಂಬಾ ಇದೆ.

ನಮ್ಮಲ್ಲೂ ಇಂಥ ಚೀಲದ ವಾದ್ಯ ಇದೆಯಾ? (ಸಾಗರದ ಓದುಗರು)

ದಕ್ಷಿಣದಲ್ಲಿ ಶ್ರುತಿ ಹಿಡಿಯುವುದಕ್ಕೆಂದೇ ಚರ್ಮದ ಚೀಲದ ಶ್ರುತಿ ಉಪಾಂಗ ಇತ್ತು. ನಿಮ್ಮ ಕಡೆಯ ಯಕ್ಷಗಾನದಲ್ಲಿ ಹಾರ್ಮೋನಿಯಂ ಬರುವ ಮೊದಲು ಶ್ರುತಿಗೆ ಪುಂಗಿ ಇತ್ತು, ಅದರಲ್ಲಿ ಚೀಲದ ಬದಲು ಸೋರೆ ಬುರುಡೆ. ಉತ್ತರಾಖಂಡದ ಮದುವೆಗಳಲ್ಲಿ ಊದುವ ಮಶಕ್‌ಬೀನ್ ಮಾತ್ರ ಬ್ರಿಟಿಷ್ ಸೇನೆಯ ಪೈಪಿನಿಂದ ಬಂದದ್ದು.

ಗ್ಲಾಸ್ಗೋದಲ್ಲಿದ್ದೇವೆ. ಮಗಳು ಪೈಪ್ ಕಲಿಯಬೇಕು ಅಂತಿದ್ದಾಳೆ. ವಾದ್ಯ ಈಗಲೇ ಕೊಡಿಸಲಾ? (ಹೆಸರು ಬೇಡ ಎಂದ ಓದುಗರು)

ಈಗಲೇ ಬೇಡ. ಮೊದಲು ಪ್ರಾಕ್ಟೀಸ್ ಚಾಂಟರ್ ಕೊಡಿಸಿ. ಅದಕ್ಕೆ ಚೀಲ ಇಲ್ಲ, ಡ್ರೋನ್ ಇಲ್ಲ, ಸದ್ದೂ ಕಮ್ಮಿ, ಅಕ್ಕಪಕ್ಕದ ಮನೆಯವರು ಬೈಯುವುದಿಲ್ಲ. ಕೆಲವು ತಿಂಗಳು ಬೆರಳು ಅದರಲ್ಲೇ ಪಳಗಬೇಕು. ನಿಮ್ಮೂರಲ್ಲೇ ನ್ಯಾಷನಲ್ ಪೈಪಿಂಗ್ ಸೆಂಟರ್ ಇದೆ. ಪಾಠ ಹೇಳುತ್ತಾರೆ, ಒಳಗೇ ಮ್ಯೂಸಿಯಂ ಕೂಡ ಇದೆ, ಮಗಳನ್ನು ಒಂದು ಶನಿವಾರ ಕರೆದುಕೊಂಡು ಹೋಗಿ. ಗುರುಗಳನ್ನು ಒಂದೇ ಒಂದು ಕೇಳಿ: ಟ್ಯೂನನ್ನು ಹಾಡಿ ಕಲಿಸುತ್ತೀರಾ ಅಂತ. ಹೌದು ಅಂದರೆ ಬಿಡಬೇಡಿ. ಊರಿಗೆ ಬಂದಾಗ ಮೀರತ್‌ನಲ್ಲಿ ಮಾಡಿದ ಅಗ್ಗದ ಪೈಪು ಕಣ್ಣಿಗೆ ಬಿದ್ದರೆ ಸುಮ್ನೆ ಕೊಳ್ಳಬೇಡಿ, ತಿಳಿದವರಿಂದ ನುಡಿಸಿಸಿ ಶ್ರುತಿ ನೋಡಿಕೊಳ್ಳಿ. ಚಾಂಟರ್ ತೂತುಗಳ ಜಾಗ ತಪ್ಪಿದ್ದರೆ ಎಷ್ಟು ಸಾಧನೆ ಮಾಡಿದರೂ ಸ್ವರ ಕೂರುವುದಿಲ್ಲ.

ಯೂಟ್ಯೂಬ್ ತೆರೆದರೆ ಬರೀ ಪರೇಡ್. ಹಳೆಯದನ್ನು ಎಲ್ಲಿಂದ ಶುರು ಮಾಡಲಿ? (ತುಮಕೂರಿನ ಓದುಗರು)

ಬಾರ್ಡರ್ ಪೈಪಿನಿಂದ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿ ಭಾಗದ ಈ ಪೈಪಿಗೆ ಬಾಯಿಂದ ಊದುವುದಿಲ್ಲ, ಕಂಕುಳಲ್ಲಿಟ್ಟ ತಿದಿಯಿಂದ ಗಾಳಿ ಹಾಕುತ್ತಾರೆ. ನಾದವೂ ಮೃದು, ಪಿಟೀಲಿನ ಜೊತೆಗೂ ಕೂರುತ್ತದೆ. ನಾರ್ಥಂಬರ್‌ಲ್ಯಾಂಡಿನ ವಿಲಿಯಂ ಡಿಕ್ಸನ್ 1733ರಲ್ಲಿ ಬರೆಯಲು ಶುರು ಮಾಡಿದ ಹಸ್ತಪ್ರತಿಯಲ್ಲಿ ಇಂಥ 40 ಟ್ಯೂನ್‌ಗಳಿವೆ. ಬ್ರಿಟನ್ನಿನಲ್ಲಿ ಸಿಕ್ಕಿರುವ ಬ್ಯಾಗ್‌ಪೈಪ್ ಟ್ಯೂನ್‌ಗಳ ಹಸ್ತಪ್ರತಿಗಳಲ್ಲಿ ಇದೇ ಅತಿ ಹಳೆಯದು. ಪರ್ತ್ ನಗರದ ಗ್ರಂಥಾಲಯದಲ್ಲಿ ಇದ್ದದ್ದನ್ನು ಮ್ಯಾಟ್ ಸಿಯಾಟಲ್ ಎಂಬ ಪೈಪರ್ ಗುರುತಿಸಿ 1995ರಲ್ಲಿ ಪ್ರಕಟಿಸಿದರು. ಎಲ್ಲವೂ ಕುಣಿತಕ್ಕೆ ಬರೆದ ಹಾಗಿವೆ. ಒಂದು ಸರಳ ಸಾಲು, ಅದರ ಮೇಲೆ ಇನ್ನೊಂದು, ಮತ್ತೊಂದು, ಕೂತವರನ್ನು ಎಬ್ಬಿಸುವವರೆಗೂ ಬಿಡುವುದಿಲ್ಲ. ಡಿಕ್ಸನ್ ಹೆಸರು ಹಾಕಿ ಹುಡುಕಿ, ಸಿಗುತ್ತವೆ.

ಆಮೇಲೆ ನಾರ್ಥಂಬ್ರಿಯನ್ ಸ್ಮಾಲ್‌ಪೈಪ್ ಕೇಳಿ. ಅದರ ಚಾಂಟರಿನ ತುದಿ ಮುಚ್ಚಿರುತ್ತದೆ, ಬೆರಳೆಲ್ಲ ಮುಚ್ಚಿದರೆ ಚಾಂಟರಿನ ಸ್ವರ ನಿಂತೇಹೋಗುತ್ತದೆ, ಹಾಗಾಗಿ ಸ್ವರಗಳು ಬಿಡಿಬಿಡಿಯಾಗಿ ಉದುರುತ್ತವೆ. ಮೂರನೆಯದಾಗಿ ಪಿಬ್ರಾಕಿಗೆ ಬನ್ನಿ. ‘ತೋಬರ್ ಅನ್ ಡುವಲ್ಖಸ್’ ಎಂಬ ಸ್ಕಾಟಿಷ್ ಧ್ವನಿ ಸಂಗ್ರಹದ ತಾಣದಲ್ಲಿ ಹಳ್ಳಿಯ ಹಿರಿಯರಿಂದ ರೆಕಾರ್ಡು ಮಾಡಿಕೊಂಡ ಗೇಲಿಕ್ ಹಾಡು, ಮಾತು, ಪೈಪು ಎಲ್ಲ ಪುಕ್ಕಟೆ ಸಿಗುತ್ತದೆ. ಅಲ್ಲಿ ಬಾಯಲ್ಲೇ ಕ್ಯಾಂಟರಖ್ ಹಾಡಿದ್ದು ಸಿಕ್ಕಿದರೆ ಅದನ್ನೇ ಮೊದಲು ಕೇಳಿ, ಪೈಪು ಆಮೇಲೆ. ಮತ್ತೆ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಬಾಸ್ ಡ್ರೋನಿನ ಷಡ್ಜ ಎಷ್ಟು ಕೆಳಗಿದೆಯೆಂದರೆ ಫೋನಿನ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ.